ಗಾಡಿ ಓಡಿಸಿದವನ ಹೆಸರು

ಒಂಬತ್ತು ವರ್ಷ ನಾನು ಆ ಮನುಷ್ಯನ ಹೆಸರನ್ನು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ನಮ್ಮಮ್ಮ ಬೆಳಿಗ್ಗೆ ಎದ್ದು ಸಂತರ ಹೆಸರು ಹೇಳಿಕೊಳ್ಳುತ್ತಿದ್ದಳು, ನಾನು ರಸ್ಸೆಲ್ ಟಿಬ್ಬೆಟ್ ಎಂದು ಹೇಳಿಕೊಳ್ಳುತ್ತಿದ್ದೆ. ಅವನು ಎದುರಿಗೆ ಬಂದರೆ ಹೀಗೆ ಉಗಿಯಬೇಕು, ಹಾಗೆ ಬೈಯಬೇಕು ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೆ. ಕೊನೆಗೆ ಅವನು ಬಂದು ನಿಂತಾಗ ನನ್ನ ಬಾಯಿಂದ ಬಂದದ್ದು ‘ನಮಸ್ಕಾರ, ಗಾಡಿಯ ಕಾಗದಪತ್ರ ಕೊಡಿ’ ಎಂಬ ಮಾತು ಮಾತ್ರ.

ಬಂದದ್ದೂ ಎಲ್ಲಿಗೆ? ನಮ್ಮಣ್ಣ ಉಬಾಲ್ದೊನ ಗ್ಯಾರೇಜಿಗೇ. ಎನ್ಸೆನಾದಾದಲ್ಲಿ ಗ್ಯಾರೇಜುಗಳಿಗೆ ಬರವಿಲ್ಲ, ಆದರೆ ಮರುಭೂಮಿಯ ಓಟಕ್ಕೆ ಬೆಂಗಾವಲು ಟ್ರಕ್ ಸಜ್ಜು ಮಾಡುವುದಕ್ಕೆ ಉಬಾಲ್ದೊನನ್ನು ಬಿಟ್ಟರಿಲ್ಲ ಎಂದು ಗಡಿಯಾಚೆಯ ತಂಡಗಳೆಲ್ಲ ಹೇಳುತ್ತವೆ. ನವೆಂಬರಿನ ಸಾವಿರ ಮೈಲಿ ಓಟದಲ್ಲಿ ಜನ ನೋಡುವುದು ಮರಳಿನಲ್ಲಿ ಹಾರುವ ಕಾರನ್ನು. ಆ ಕಾರು ಓಟ ಮುಗಿಸುವುದು ಮಾತ್ರ ಡಾಂಬರು ರಸ್ತೆಯಲ್ಲಿ ಅದರ ಜೊತೆಜೊತೆಗೆ ಓಡುವ ಟ್ರಕ್ಕುಗಳ ದಯೆಯಿಂದ. ಟೈರು, ಗೇರ್‌ಬಾಕ್ಸು, ಪೆಟ್ರೋಲು, ವೆಲ್ಡಿಂಗ್ ಯಂತ್ರ, ಮೆಕ್ಯಾನಿಕ್ಕು, ತಿನ್ನಲು ಬುರಿಟೊ ರೊಟ್ಟಿ, ಎಲ್ಲವನ್ನೂ ಹೇರಿಕೊಂಡು ಒಂದು ತಂಗುದಾಣದಿಂದ ಇನ್ನೊಂದಕ್ಕೆ ಕಾರಿಗಿಂತ ಮೊದಲು ಮುಟ್ಟಬೇಕು. ಹಾಗೆ ಓಡುವವರು ರಸ್ತೆ ತಮ್ಮಪ್ಪನದು ಅಂದುಕೊಂಡಿರುತ್ತಾರೆ. ಓಟದ ಕಾರಿನಿಂದ ಸತ್ತವರಿಗಿಂತ ಆ ಟ್ರಕ್ಕುಗಳಿಗೆ ಸಿಕ್ಕಿ ಸತ್ತವರೇ ನಮ್ಮ ಕಡೆ ಹೆಚ್ಚು.

ಉಬಾಲ್ದೊ ಟ್ರಕ್ ಸಜ್ಜು ಮಾಡುತ್ತಾನೆ. ನಾನು, ಅವನ ತಂಗಿ ಎರ್ಮಿನಿಯಾ, ಆ ಟ್ರಕ್ಕುಗಳನ್ನು ಪರೀಕ್ಷೆ ಮಾಡಿ ವಿಮೆ ಬರೆಯುತ್ತೇನೆ. ಓಟದ ದಿನ ಎಲ್ಲಾದರೂ ಗುದ್ದಿದರೆ ಸ್ಥಳಕ್ಕೆ ಹೋಗುವವಳೂ ನಾನೇ. ನಮ್ಮಲ್ಲಿ ವಿಮೆ ಕಂಪನಿಯ ಸರ್ವೇಯರ್ ಬರುವವರೆಗೆ ಯಾರೂ ಜಾಗ ಬಿಟ್ಟು ಕದಲುವ ಹಾಗಿಲ್ಲ. ಯಾರು ಓಡಿಸುತ್ತಿದ್ದರು, ಯಾರ ತಪ್ಪು, ಪಾಲಿಸಿ ನಿಲ್ಲುತ್ತದೋ ಬೀಳುತ್ತದೋ, ಎಲ್ಲ ರಸ್ತೆ ಬದಿಯಲ್ಲೇ ತೀರ್ಮಾನ. ನಿಂತರೆ ಗಾಯಾಳುವಿಗೆ ನಾವು ಒಂದು ಆಸ್ಪತ್ರೆ ಚೀಟಿ ಬರೆದುಕೊಡುತ್ತೇವೆ, ಡ್ರೈವರು ಸಂಜೆಯೊಳಗೆ ಮನೆಗೆ ಹೋಗುತ್ತಾನೆ. ಬಿದ್ದರೆ ಚೀಟಿ ಇಲ್ಲ, ಡ್ರೈವರು ಲಾಕಪ್ಪಿಗೆ.

ಒಂಬತ್ತು ವರ್ಷದ ಹಿಂದೆ ಎಲ್ ರೊಸಾರಿಯೊ ಊರಿನ ಆಚೆ ಟಿಬ್ಬೆಟ್ ತನ್ನ ತಂಡದ ಟ್ರಕ್ ಓಡಿಸುತ್ತಿದ್ದ. ಪಕ್ಕದಲ್ಲಿ ಉಬಾಲ್ದೊ. ಕೆಟ್ಟು ನಿಂತ ವ್ಯಾನನ್ನು ತಳ್ಳುತ್ತಿದ್ದ ಬೌದೆಲಿಯೊ ಎಂಬ ಮುದುಕನಿಗೆ ಟಿಬ್ಬೆಟ್ ಗುದ್ದಿದ. ಪೊಲೀಸರು ಬರುವ ಮೊದಲು ಉಬಾಲ್ದೊನನ್ನು ತನ್ನ ಸೀಟಿನಲ್ಲಿ ಕೂರಿಸಿದ. ನಿನಗೆ ಭಾಷೆ ಬರುತ್ತದೆ, ನೀನು ಮಾತಾಡು, ನಾನು ಸಂಜೆಯೊಳಗೆ ವಕೀಲನನ್ನು ಕರೆತರುತ್ತೇನೆ ಎಂದ. ತಂಡದ ಇನ್ನೊಂದು ಟ್ರಕ್ ಹತ್ತಿದ, ಸೂರ್ಯ ಮುಳುಗುವ ಹೊತ್ತಿಗೆ ಗಡಿ ದಾಟಿದ್ದ. ನಮ್ಮಣ್ಣ ಎಂಥ ಪೆದ್ದನೆಂದರೆ ಸಂಜೆಯವರೆಗೆ ನಿಜವಾಗಿಯೂ ಕಾದ.

ಆಗ ಬಂದ ಸರ್ವೇಯರ್ ಪಾಲಿಸಿ ತೆಗೆದು ಡ್ರೈವರುಗಳ ಪಟ್ಟಿ ನೋಡಿದ. ಉಬಾಲ್ದೊನ ಹೆಸರು ಅದರಲ್ಲಿರಲಿಲ್ಲ. ಫೈಲು ಮುಚ್ಚಿಕೊಂಡು ಹೊರಟುಹೋದ. ಚೀಟಿ ಇಲ್ಲದೆ ಹತ್ತಿರದ ಖಾಸಗಿ ಆಸ್ಪತ್ರೆ ಬೌದೆಲಿಯೊನನ್ನು ಸೇರಿಸಿಕೊಳ್ಳಲಿಲ್ಲ. ಮೀನಿನ ವ್ಯಾನಿನಲ್ಲಿ ಹಾಕಿಕೊಂಡು ನಾಲ್ಕು ಗಂಟೆಯ ದಾರಿ ಎನ್ಸೆನಾದಾಕ್ಕೆ ಹೊರಟರು, ಅರ್ಧ ದಾರಿಯಲ್ಲಿ ಅವನು ಹೋಗಿಬಿಟ್ಟ. ಗಾಯದ ಕೇಸು ಸಾವಿನ ಕೇಸಾಯಿತು. ಉಬಾಲ್ದೊ ಹದಿನಾಲ್ಕು ತಿಂಗಳು ಒಳಗಿದ್ದ. ಹೊರಗೆ ಬಂದ ಮೇಲೆ ಯಾವ ವಿಮೆ ಕಂಪನಿಯೂ ಅವನ ಹೆಸರನ್ನು ಪಟ್ಟಿಯಲ್ಲಿ ಬರೆಯಲು ಒಪ್ಪಲಿಲ್ಲ. ಎರಡು ಕಡಲಿನ ನಡುವಿನ ಈ ಉದ್ದನೆಯ ನೆಲದ ಒಂದೊಂದು ಹಳ್ಳ ದಿಣ್ಣೆಯನ್ನೂ ಕಣ್ಣುಮುಚ್ಚಿ ಹೇಳಬಲ್ಲವನು ಈಗ ಟ್ರಕ್ ಸಜ್ಜು ಮಾಡಿ ಕೊಟ್ಟು, ಅವು ಹೊರಟಾಗ ಗೇಟಿನಲ್ಲಿ ನಿಂತು ಕೈಬೀಸುತ್ತಾನೆ.

ನಾನು ವಿಮೆ ಕಂಪನಿಗೆ ಸೇರಿದ್ದು ಅದಾದ ಮರುವರ್ಷ. ಅದಕ್ಕೆ ಮೊದಲು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ, ಸುಖವಾಗಿದ್ದೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಏನೇನೋ ಹೇಳಿದ್ದೇನೆ. ಕಾರಣ ಒಂದೇ: ಆ ಮನುಷ್ಯ ಒಂದಲ್ಲ ಒಂದು ದಿನ ಮತ್ತೆ ಬರುತ್ತಾನೆ, ಬಂದಾಗ ಆ ಫೈಲು ನನ್ನ ಕೈಯಲ್ಲಿರಬೇಕು. ಅವನನ್ನು ಅದೇ ಲಾಕಪ್ಪಿನಲ್ಲಿ ನೋಡಬೇಕು.

ಈ ವರ್ಷ ಬಂದ. ತಂಡದ ಹೆಸರು ಬೇರೆ, ಮ್ಯಾನೇಜರು ಫೋನಿನಲ್ಲಿ ಮಾತಾಡಿದ್ದರಿಂದ ಉಬಾಲ್ದೊಗೆ ಗೊತ್ತಾಗಿರಲಿಲ್ಲ. ನಾಲ್ಕು ಬಿಳಿ ಟ್ರಕ್ಕುಗಳು ಅಂಗಳಕ್ಕೆ ಬಂದು ನಿಂತವು. ಮೊದಲನೆಯದರಿಂದ ಇಳಿದವನನ್ನು ನೋಡಿದ್ದೇ ನಮ್ಮಣ್ಣ ಗಾಲಿಯ ಹಲಗೆಯ ಮೇಲೆ ಮಲಗಿ ಟ್ರಕ್ಕಿನ ಅಡಿಗೆ ಜಾರಿದ. ಮೂರು ದಿನ, ಟಿಬ್ಬೆಟ್ ಅಂಗಳದಲ್ಲಿದ್ದಷ್ಟು ಹೊತ್ತೂ, ಅವನು ಹೊರಗೆ ಬರಲಿಲ್ಲ. ಕಮಾನು ಪಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಿದ, ಬ್ರೇಕಿನ ಪೈಪುಗಳಿಗೆ ರಬ್ಬರು ಸುತ್ತಿದ, ಎರಡನೆಯ ಬ್ಯಾಟರಿ ಕೂರಿಸಿದ, ಬಿಗಿಮಾಡಿದ ಒಂದೊಂದು ಬೋಲ್ಟಿನ ಮೇಲೂ ಹಳದಿ ಬಣ್ಣದಲ್ಲಿ ಗೀಟು ಹಾಕಿದ. ಗೀಟು ಸರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದು ಓಡಿಸುವವನಿಗೆ ತಿಳಿಯಲಿ ಎಂದು. ತನ್ನ ಬದುಕು ಹಾಳು ಮಾಡಿದವನ ಪ್ರಾಣ ಉಳಿಯಲೆಂದು ಇಷ್ಟು ಕಾಳಜಿ. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಟಿಬ್ಬೆಟ್ ಊಟಕ್ಕೆ ಹೋದಾಗ ಟ್ರಕ್ಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿದೆ.

“ಅಲ್ಲೇ ಹಾಸಿಗೆ ಹಾಸ್ಕೊಡ್ಲಾ?” ಎಂದೆ.

“ಪಾನಾ ಕೊಡು, ಹತ್ತೊಂಬತ್ತರದ್ದು.”

“ಒಂದು ಬೋಲ್ಟ್ ಬಿಗಿ ಮಾಡ್ದೇ ಬಿಡು. ಒಂದೇ ಒಂದು. ನಾನು ಕಣ್ಣು ಮುಚ್ಕೋತೀನಿ.”

ಅವನು ಕೈ ಹೊರಗೆ ಚಾಚಿದ. “ಮಿನಿಯಾ, ಆ ಟ್ರಕ್ ಹೋಗಿ ಗುದ್ದೋದು ಅವನಿಗಲ್ಲ. ಪಾನಾ ಕೊಡು.”

ಕೊಟ್ಟೆ. ಆದರೆ ನನಗೆ ಬೋಲ್ಟು ಬೇಕಾಗಿರಲಿಲ್ಲ, ನನ್ನ ದಾರಿ ಬೇರೆಯಿತ್ತು. ಗಡಿಯಾಚೆಯವರಿಗೆ ಒಂದು ಭ್ರಮೆ ಇದೆ. ಅವರ ಕಡೆ ವಿಮೆ ಗಾಡಿಯನ್ನು ಹಿಂಬಾಲಿಸುತ್ತದಂತೆ, ಯಾರು ಓಡಿಸಿದರೂ ನಡೆಯುತ್ತದಂತೆ. ನಮ್ಮ ಕಂಪನಿಯ ಪಾಲಿಸಿ ಹೆಸರನ್ನು ಹಿಂಬಾಲಿಸುತ್ತದೆ. ಪಟ್ಟಿಯಲ್ಲಿ ಇಲ್ಲದವನು ಓಡಿಸಿದರೆ ಬಿತ್ತು. ಓಡಿಸಿದವನು ಯಾರು ಎಂದು ಸ್ಥಳದಲ್ಲಿ ಸುಳ್ಳು ಹೇಳಿಕೆ ಬರೆದುಕೊಟ್ಟರೂ ಬಿತ್ತು. ಎರಡೂ ಆರನೆಯ ಪುಟದಲ್ಲಿವೆ. ಸಹಿ ಹಾಕಿಸುವ ಮೊದಲು ಆ ಪುಟವನ್ನು ನಾವು ಬಾಯಿಬಿಟ್ಟು ವಿವರಿಸಬೇಕು, ಅದು ರೂಢಿ. ಬೇರೆಯವರಿಗೆಲ್ಲ ಎರಡೆರಡು ಸಲ ಹೇಳುತ್ತೇನೆ, ಹೆಂಗಸಿನ ಬಾಯಿ ದೊಡ್ಡದು ಎಂದು ಅನ್ನಿಸಿಕೊಂಡಿದ್ದೇನೆ.

ಟಿಬ್ಬೆಟ್‌ಗೆ ಹೇಳಲಿಲ್ಲ. ಟ್ರಕ್ಕಿನ ನಾಲ್ಕೂ ಕಡೆಯ ಫೋಟೊ ತೆಗೆದೆ, ಇಂಜಿನ್ ನಂಬರು ಬರೆದುಕೊಂಡೆ, ಹಿಂದೆ ಕೂರಿಸಿದ್ದ ಹೆಚ್ಚುವರಿ ಟ್ಯಾಂಕು, ರೇಡಿಯೊ, ಮೇಲಿನ ದೀಪಗಳನ್ನೆಲ್ಲ ಪಟ್ಟಿ ಮಾಡಿದೆ. ಡ್ರೈವರುಗಳ ಹೆಸರು ಕೇಳಿದೆ. ತನ್ನದೂ ಇನ್ನಿಬ್ಬರದೂ ಕೊಟ್ಟ. ಎತ್ತರದ ಆಳು, ಬಿಳಿ ಗಡ್ಡ, ನಗುಮುಖ. ಮೆಕ್ಯಾನಿಕ್ಕುಗಳಿಗೆಲ್ಲ ತಂಡದ ಟೋಪಿ ಹಂಚುತ್ತಿದ್ದ, ನನಗೂ ಒಂದು ಕೊಟ್ಟ. ಪುಟ ತಿರುವಿ ತಿರುವಿ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟೆ. ಓದಬೇಕಾದ್ದು ಏನಾದರೂ ಇದೆಯೇ ಎಂದು ಅವನ ಮುರುಕು ಭಾಷೆಯಲ್ಲಿ ಕೇಳಿದ. ಎಲ್ಲ ಮಾಮೂಲು ಎಂದೆ. ಸುಳ್ಳೇನಲ್ಲ, ಮಾಮೂಲೇ. ಹಣೆಬರಹ ತಿದ್ದುವ ಶಕ್ತಿ ನನಗಿಲ್ಲ, ಆದರೆ ಅದನ್ನು ಓದಿ ಹೇಳದೆ ಇರುವಷ್ಟು ಶಕ್ತಿ ಇತ್ತು. ಆಮೇಲೆ ಆಫೀಸಿಗೆ ಹೋಗಿ ಎಲ್ ರೊಸಾರಿಯೊ ಭಾಗದ ಡ್ಯೂಟಿ ನನಗೇ ಬೇಕೆಂದು ಕೇಳಿಕೊಂಡೆ. ಧೂಳೆಂದು ಯಾರೂ ಬಯಸದ ಜಾಗ, ನಮ್ಮ ಮ್ಯಾನೇಜರು ಖುಷಿಯಿಂದ ಬರೆದುಕೊಟ್ಟ.

ಇಷ್ಟಾದರೂ ಅವನು ಅಪಘಾತ ಮಾಡಲೇಬೇಕೆಂದು ಬರೆದಿರಲಿಲ್ಲವಲ್ಲ. ಅದು ನನಗೂ ಗೊತ್ತಿತ್ತು. ಓಟದ ದಿನ ಬೆಳಿಗ್ಗೆ ಎಲ್ ರೊಸಾರಿಯೊದ ಪೆಟ್ರೋಲ್ ಬಂಕಿನ ಹತ್ತಿರ ನನ್ನ ಪುಟ್ಟ ಕಾರಿನಲ್ಲಿ ಕೂತು, ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹತ್ತೂವರೆಗೆ ಫೋನು ಬಂತು. ಊರಿನಿಂದ ಹನ್ನೊಂದು ಕಿಲೋಮೀಟರು ದಕ್ಷಿಣಕ್ಕೆ, ಬಿಳಿ ಟ್ರಕ್ಕು, ಒಬ್ಬ ಹೆಂಗಸಿಗೆ ಪೆಟ್ಟು. ಪಾಲಿಸಿಯ ನಂಬರು ಓದಿ ಹೇಳಿದರು. ಆ ನಂಬರು ನನಗೆ ಬಾಯಿಪಾಠವಾಗಿತ್ತು. ದೇವರ ಮೇಲಾಣೆ, ನನಗೆ ಮೊದಲು ಆದದ್ದು ಸಂತೋಷ. ಹೆಂಗಸಿಗೆ ಪೆಟ್ಟು ಎಂಬ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ.

ಹೋಗಿ ಕಾರು ನಿಲ್ಲಿಸಿದಾಗ ಗಂಟೆ ಹತ್ತು ಐವತ್ತು. ಓಟ ನೋಡಲು ಬಂದವರಿಗೆ ರಸ್ತೆ ಬದಿಯಲ್ಲಿ ಕಡಲ ಚಿಪ್ಪುಮೀನು ಬೇಯಿಸಿ ಮಾರುತ್ತಿದ್ದ ಎಲೊಯ್ಸಾ ಎಂಬಾಕೆಯ ಮೇಜಿನ ಮೇಲೆ ಟ್ರಕ್ಕು ಹತ್ತಿತ್ತು. ಅವಳನ್ನು ಒಂದು ಕಂಬಳಿಯ ಮೇಲೆ ಮಲಗಿಸಿ, ಮುರಿದ ಕಾಲನ್ನು ಐಸ್ ಪೆಟ್ಟಿಗೆಯ ಮುಚ್ಚಳಕ್ಕೆ ಕಟ್ಟಿದ್ದರು. ಆಂಬುಲೆನ್ಸು ಆಗಲೇ ಬಂದು ನಿಂತಿತ್ತು. ಇಬ್ಬರು ಪೊಲೀಸರಿದ್ದರು. ಅವರ ನಡುವೆ ಕೈಗೆ ಬೇಡಿ ಹಾಕಿಸಿಕೊಂಡು ನಿಂತಿದ್ದವನು ಚಾನೊ, ಎಲ್ ರೊಸಾರಿಯೊದ ಮೆಕ್ಯಾನಿಕ್ಕು, ಮೂರು ಮಕ್ಕಳ ತಂದೆ. ದಾರಿ ತೋರಿಸಲೆಂದು ಟಿಬ್ಬೆಟ್ ಬೆಳಿಗ್ಗೆಯಷ್ಟೇ ಅವನನ್ನು ಟ್ರಕ್ಕಿಗೆ ಹತ್ತಿಸಿಕೊಂಡಿದ್ದ. ಟಿಬ್ಬೆಟ್ ಪಕ್ಕದಲ್ಲಿ ನಿಂತು ಚಾನೊನ ಹೆಗಲು ತಟ್ಟುತ್ತಿದ್ದ. ಸಂಜೆಯೊಳಗೆ ವಕೀಲ ಬರುತ್ತಾನೆ ಎನ್ನುತ್ತಿದ್ದ.

ಅದೇ ಮಾತು. ಒಂದಕ್ಷರ ಬದಲಿಲ್ಲ. ಒಂಬತ್ತು ವರ್ಷ ಕಾದದ್ದು ಸಾರ್ಥಕವಾಯಿತು ಎಂದುಕೊಂಡು ಫೈಲು ತೆಗೆದೆ.

ಯಾರನ್ನೂ ಬೈಯಲಿಲ್ಲ, ಅವಸರ ಮಾಡಲಿಲ್ಲ. ಶಾಲೆಯಲ್ಲಿ ಕಳ್ಳ ಹುಡುಗರನ್ನು ಹಿಡಿಯುವಾಗ ಇದ್ದ ದನಿ ತಾನಾಗಿ ಬಂತು. ಟಿಬ್ಬೆಟ್‌ನನ್ನು ನನ್ನ ಕಾರಿನ ನೆರಳಿಗೆ ಕರೆದು, ಕಾರಿನ ಮುಂಭಾಗದ ಮೇಲೆ ಹೇಳಿಕೆಯ ಕಾಗದ ಹರಡಿ, ಓಡಿಸುತ್ತಿದ್ದವರು ಯಾರು ಎಂದು ಕೇಳಿದೆ. ಚಾನೊ ಎಂದ. ಖಂಡಿತವೇ ಎಂದೆ. ಖಂಡಿತ ಎಂದ. ಮೂರನೆಯ ಸಲ ಕೇಳಿದಾಗ ಸ್ವಲ್ಪ ಬೇಜಾರಾದ ಹಾಗೆ ಮುಖ ಮಾಡಿ, ಪಾಪದವನು, ಜಾಸ್ತಿ ಶಿಕ್ಷೆ ಆಗದ ಹಾಗೆ ನೋಡಿಕೊಳ್ಳಿ ಎಂದು ಶಿಫಾರಸು ಬೇರೆ ಮಾಡಿದ. ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದೆ. ನಡುವೆ ಎಲೊಯ್ಸಾ ಒಮ್ಮೆ ನರಳಿದಳು. ನಾನು ತಲೆಯೆತ್ತಲಿಲ್ಲ. ಪೆನ್ನು ಅವನ ಕೈಗಿಟ್ಟೆ. ಸಹಿ ಹಾಕಿದ. ಪಕ್ಕದಲ್ಲಿ ಸಮಯ ಬರೆದೆ: ಹನ್ನೊಂದು ಹತ್ತು.

ಆಮೇಲೆ ಪೊಲೀಸರನ್ನು ಕರೆದೆ. ಓಟದ ದಿನ ಇಂಜಿನ್ ಬಿಸಿಯಾಗುತ್ತದೆಂದು ಟ್ರಕ್ಕಿನವರು ಯಾರೂ ಎ.ಸಿ. ಹಾಕುವುದಿಲ್ಲ, ಗಾಜು ಇಳಿಸಿ ಮೊಣಕೈ ಹೊರಗಿಟ್ಟುಕೊಂಡು ಓಡಿಸುತ್ತಾರೆ. ನಮ್ಮ ಹಳ್ಳದ ಧೂಳು ಗೋಧಿ ಹಿಟ್ಟಿಗಿಂತ ನುಣುಪು, ಬೆವರಿನ ಕೈಗೆ ಹತ್ತಿದರೆ ಸಾಬೂನು ಹಾಕದೆ ಹೋಗುವುದಿಲ್ಲ. ಸ್ಟಿಯರಿಂಗ್ ಇರುವುದು ಎಡಗಡೆ. ಹಾಗಾಗಿ ಡ್ರೈವರಿನ ಎಡಗೈ, ಪಕ್ಕದಲ್ಲಿ ಕೂತವನ ಬಲಗೈ ಬೆಳ್ಳಗಾಗುತ್ತವೆ.

“ಚಾನೊ, ಕೈ ತೋರ್ಸು,” ಎಂದೆ.

ಬೇಡಿಯ ಕೈಗಳನ್ನು ಎತ್ತಿದ. ಬಲಗೈ ಮೊಣಕೈವರೆಗೆ ಸುಣ್ಣ ಬಳಿದ ಹಾಗಿತ್ತು, ಎಡಗೈ ಗ್ರೀಸಿನ ಕಪ್ಪು.

“ಈಗ ನೀವು, ಸಾಹೇಬ್ರೇ. ತೋಳು ಮಡಿಸ್ಕೊಂಡಿದೀರಲ್ಲ, ಬಿಚ್ಚಿ.”

ಟಿಬ್ಬೆಟ್ ಬಿಚ್ಚಲಿಲ್ಲ. ದೊಡ್ಡ ಪೊಲೀಸನೇ ಬಿಚ್ಚಿಸಿದ. ಎಡಗೈ ಬೆಳ್ಳಗಿತ್ತು. ಆ ಪೊಲೀಸನಿಗೆ ನಗು ತಡೆಯಲಾಗಲಿಲ್ಲ. ಚಾನೊನ ಬೇಡಿ ಬಿಚ್ಚಿ ಅದನ್ನೇ ಟಿಬ್ಬೆಟ್‌ಗೆ ಹಾಕಿದ. ನಾನು ಹತ್ತಿರ ಹೋಗಿ, ಸುಳ್ಳು ಹೇಳಿಕೆ ಬರೆದುಕೊಟ್ಟಿದ್ದರಿಂದ ನಿಮ್ಮ ಪಾಲಿಸಿ ರದ್ದಾಯಿತು, ಆರನೆಯ ಪುಟ, ಕಂಪನಿ ನಿಮ್ಮ ಪರವಾಗಿ ನಿಲ್ಲುವುದಿಲ್ಲ, ನೀವೀಗ ಲಾಕಪ್ಪಿಗೆ ಹೋಗುತ್ತೀರಿ ಎಂದು ಬಿಡಿಬಿಡಿಯಾಗಿ ಹೇಳಿದೆ. ಆ ನಗುಮುಖ ಕರಗುವುದನ್ನು ಕಣ್ಣುತುಂಬ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ರುಚಿಯಾದ ಗಳಿಗೆ ಇನ್ನೊಂದಿಲ್ಲ. ಮುಚ್ಚಿಟ್ಟು ಏನಾಗಬೇಕು?

ಯಾರೋ ನನ್ನ ತೋಳು ಮುಟ್ಟಿದರು. ಎಲೊಯ್ಸಾಳ ಗಂಡ ಎವಾರಿಸ್ತೊ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ಸೆನ್ಯೋರಾ, ನಿಮ್ಮ ಕೆಲ್ಸ ಮುಗೀತಾ? ಆ ಚೀಟಿ ಕೊಟ್ರೆ ಹೊರಟುಬಿಡ್ತೀವಿ. ಆಂಬುಲೆನ್ಸಿನೋರು ಚೀಟಿ ಇಲ್ದೆ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅಂತಿದಾರೆ.”

ಪಾಲಿಸಿ ರದ್ದಾಗಿತ್ತು. ರದ್ದು ಮಾಡಿದವಳು ನಾನೇ. ರದ್ದಾದ ಪಾಲಿಸಿಗೆ ಚೀಟಿ ಇಲ್ಲ. ಚೀಟಿ ಇಲ್ಲದಿದ್ದರೆ ನಲವತ್ತು ನಿಮಿಷದ ದಾರಿಯಲ್ಲಿರುವ ಆಸ್ಪತ್ರೆ ಬಾಗಿಲು ತೆಗೆಯುವುದಿಲ್ಲ, ನಾಲ್ಕು ಗಂಟೆ ಎನ್ಸೆನಾದಾ. ಬೌದೆಲಿಯೊ ಹೋದ ದಾರಿ. ನಾನು ಬಂದ ಕೂಡಲೇ, ಹೇಳಿಕೆಗೆ ಮೊದಲು, ಎರಡು ಗೆರೆ ಗೀಚಿ ಚೀಟಿ ಹರಿದುಕೊಟ್ಟಿದ್ದರೆ ಕಂಪನಿ ಅದನ್ನು ನಡೆಸಿಕೊಡಬೇಕಾಗುತ್ತಿತ್ತು. ನೋಡಿದರೆ ಗೊತ್ತಾಗುವಂಥ ಗಾಯಕ್ಕೆ ಹಾಗೆ ಕೊಡುವುದುಂಟು. ನಾನು ಕೊಟ್ಟಿರಲಿಲ್ಲ. ಚೀಟಿ ಕೊಟ್ಟರೆ ಪಾಲಿಸಿ ಒಪ್ಪಿಕೊಂಡ ಹಾಗೆ ಆದೀತು, ಟಿಬ್ಬೆಟ್ ಆ ಸಂದಿಯಲ್ಲಿ ನುಸುಳಿಯಾನು ಎಂದು ಮೊದಲು ಸಹಿಗೆ ಕೈಹಾಕಿದ್ದೆ. ಇಪ್ಪತ್ತು ನಿಮಿಷ ಅವಳು ಅಲ್ಲಿ ಬಿಸಿಲಿನಲ್ಲಿ ಮಲಗಿದ್ದಳು, ನಾನು ನೆರಳಿನಲ್ಲಿ ನಿಂತು ಕಾಗದ ಓದುತ್ತಿದ್ದೆ. ಒಂಬತ್ತು ವರ್ಷದ ಹಿಂದಿನ ಆ ಸರ್ವೇಯರನ್ನು ಎಷ್ಟು ಶಪಿಸಿದ್ದೇನೆಂದು ಲೆಕ್ಕವಿಲ್ಲ. ಅವನಾದರೂ ತನ್ನ ಕೆಲಸ ಮಾಡಿ ಹೋಗಿದ್ದ. ನಾನು ಬೇಕೆಂದೇ ಮಾಡಿದ್ದೆ.

ಎವಾರಿಸ್ತೊ ಕಾಯುತ್ತಿದ್ದ. ನಾನು ಯೋಚನೆ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈಯಲ್ಲಿದ್ದ ಸಹಿಯ ಕಾಗದ ಹರಿದು ಎಸೆದರೆ ಎಲ್ಲ ಸರಿಹೋಗುತ್ತಿತ್ತು. ಟಿಬ್ಬೆಟ್‌ನಿಂದ ನಿಜವಾದ ಹೇಳಿಕೆ ಬರೆಸಿಕೊಂಡರೆ ಪಾಲಿಸಿ ನಿಲ್ಲುತ್ತಿತ್ತು, ಚೀಟಿ ಸಿಗುತ್ತಿತ್ತು, ಅವನು ಸಂಜೆಗೆ ಮನೆಗೆ ಹೋಗುತ್ತಿದ್ದ. ಅದು ನನ್ನ ಕೈಯಲ್ಲಿ ಆಗಲಿಲ್ಲ. ಆ ಕಾಗದ ಹರಿಯಲು ಬೆರಳುಗಳೇ ಒಪ್ಪಲಿಲ್ಲ. ಅದರ ಬದಲು ಚೀಟಿಯ ಪುಸ್ತಕ ತೆಗೆದು, ಎಲೊಯ್ಸಾಳ ಹೆಸರು ಬರೆದು, ಸಮಯದ ಜಾಗದಲ್ಲಿ ಹತ್ತು ಐವತ್ತೈದು ಎಂದು ಬರೆದೆ. ಹೇಳಿಕೆಗಿಂತ ಮೊದಲೇ ಕೊಟ್ಟ ಚೀಟಿ. ಸುಳ್ಳು ಬರೆದವನನ್ನು ಹಿಡಿದುಕೊಟ್ಟು ಐದು ನಿಮಿಷವೂ ಆಗಿರಲಿಲ್ಲ, ಅದೇ ಕೈಯಿಂದ, ಅದೇ ಪೆನ್ನಿನಿಂದ ನಾನೂ ಸುಳ್ಳು ಬರೆದೆ. ಆಂಬುಲೆನ್ಸು ಹೊರಟಿತು. ಪೊಲೀಸ್ ಗಾಡಿ ಅದರ ಹಿಂದೆಯೇ ಹೊರಟಿತು.

ಎಲೊಯ್ಸಾಳ ಕಾಲು ಉಳಿಯಿತು, ಎರಡು ಸಲ ಕೊಯ್ದರು. ಈಗ ಕೋಲು ಹಿಡಿದು ನಡೆಯುತ್ತಾಳೆ. ಸ್ವಲ್ಪ ಬೇಗ ಬಂದಿದ್ದರೆ ಎಂದು ಡಾಕ್ಟರು ಏನೋ ಹೇಳಹೊರಟರು, ನಾನು ಪೂರ್ತಿ ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಟಿಬ್ಬೆಟ್‌ನ ವಕೀಲ ಬಂದ. ಉಬಾಲ್ದೊ ಹದಿನಾಲ್ಕು ತಿಂಗಳು ಕಾದರೂ ಬಾರದಿದ್ದ ವಕೀಲ ಇವನಿಗೆ ಎರಡೇ ದಿನದಲ್ಲಿ ಬಂದ. ಚುರುಕಾದ ಆಸಾಮಿ. ಆಂಬುಲೆನ್ಸಿನವರು ಹನ್ನೊಂದು ಐದಕ್ಕೆ ‘ಇನ್ನೂ ಚೀಟಿ ಕೊಟ್ಟಿಲ್ಲ’ ಎಂದು ರೇಡಿಯೊದಲ್ಲಿ ಹೇಳಿದ್ದು ದಾಖಲಾಗಿತ್ತು. ಅದನ್ನು ಹಿಡಿದುಕೊಂಡ. ಸರ್ವೇಯರೇ ಸಮಯ ತಿದ್ದಿದ್ದಾಳೆ, ಇವಳು ಬರೆದುಕೊಂಡ ಹೇಳಿಕೆಯನ್ನು ಹೇಗೆ ನಂಬುವುದು ಎಂದು ಕೇಳಿದ. ಕಂಪನಿ ನನ್ನನ್ನು ಮನೆಗೆ ಕಳಿಸಿತು, ಲೈಸೆನ್ಸು ಕಿತ್ತುಕೊಂಡರು. ಟಿಬ್ಬೆಟ್ ಎವಾರಿಸ್ತೊನ ಮನೆಯವರ ಜೊತೆ ರಾಜಿ ಮಾಡಿಕೊಂಡು ಆರನೆಯ ದಿನ ಹೊರಗೆ ಬರುವುದೆಂದು ನಿಶ್ಚಯವಾಯಿತು.

ಆರು ದಿನ. ಹದಿನಾಲ್ಕು ತಿಂಗಳಿಗೆ ಆರು ದಿನ. ಆದರೂ ಇರಲಿ ಎಂದುಕೊಂಡೆ. ಆ ಸೊಳ್ಳೆ, ಆ ಬಕೆಟು, ಆ ತಣ್ಣನೆಯ ಹುರುಳಿಕಾಯಿಯ ಸಾರು ಅವನಿಗೂ ಗೊತ್ತಾಯಿತಲ್ಲ. ಇನ್ನು ಒಂದೇ ಕೆಲಸ ಬಾಕಿಯಿತ್ತು. ಯಾಕೆ ಎಂದು ಅವನಿಗೆ ಹೇಳಬೇಕಿತ್ತು. ಹೇಳದಿದ್ದರೆ ಅದು ಬರಿಯ ದುರದೃಷ್ಟವಾಗಿಬಿಡುತ್ತದೆ, ಶಿಕ್ಷೆಯಾಗುವುದಿಲ್ಲ. ಐದನೆಯ ದಿನ ಬೆಳಿಗ್ಗೆ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಅವನನ್ನು ತಂದಿಟ್ಟಿದ್ದ ಎನ್ಸೆನಾದಾದ ಲಾಕಪ್ಪಿಗೆ ಹೋದೆ. ಒಂಬತ್ತು ವರ್ಷ ಕಟ್ಟಿಟ್ಟಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು.

ಕಂಬಿಯ ಆಚೆ ಅವನು ಗೋಡೆಗೊರಗಿ ಕೂತಿದ್ದ. ನನ್ನ ಗುರುತು ಹಿಡಿದು, ವಿಮೆಯ ಹೆಂಗಸು ಎಂದು ನಕ್ಕ. ಸಿಟ್ಟೂ ಇರಲಿಲ್ಲ ಅವನಿಗೆ.

“ಒಂಬತ್ತು ವರ್ಷದ ಹಿಂದೆ,” ಎಂದೆ, “ಇದೇ ಥರ ಒಬ್ಬನ್ನ ನಿನ್ನ ಸೀಟಲ್ಲಿ ಕೂರ್ಸಿ ಓಡಿಹೋದೆ. ಅವನು ನಮ್ಮಣ್ಣ.”

ಅವನು ಹಣೆ ಸುಕ್ಕುಗಟ್ಟಿಸಿ ಯೋಚಿಸಿದ. ನಾಟಕವಲ್ಲ, ನಿಜವಾಗಿಯೂ ಯೋಚಿಸಿದ. ಶಾಲೆಯಲ್ಲಿ ಉತ್ತರ ಬಾರದ ಮಕ್ಕಳ ಮುಖ ನಾನು ನೋಡದ್ದಲ್ಲ.

“ಯಾರು? ಲೊರೆತೊ ಹತ್ತಿರ ಆಗಿದ್ದಾ?”

“ಎಲ್ ರೊಸಾರಿಯೊ.”

“ಓ. ದಪ್ಪ ಮೀಸೆ ಇತ್ತಲ್ಲ, ಅವನಾ?”

ಉಬಾಲ್ದೊ ಹುಟ್ಟಿದಾಗಿನಿಂದ ಮೀಸೆ ಬಿಟ್ಟವನಲ್ಲ. ನಾನು ಕಂಬಿ ಹಿಡಿದುಕೊಂಡು ನಿಂತೆ. ಲೊರೆತೊದಲ್ಲಿ ಒಬ್ಬ. ಮೀಸೆಯವನು ಒಬ್ಬ. ಇನ್ನೆಷ್ಟು ಜನವೋ. ಅವನ ಮುಖದ ಮೇಲೆ ಉಗಿಯಬೇಕೆಂದು ಒಂಬತ್ತು ವರ್ಷ ಅಂದುಕೊಂಡಿದ್ದೆ, ಬಾಯಿ ಒಣಗಿಹೋಗಿತ್ತು. ಕಟ್ಟಿಟ್ಟಿದ್ದ ಮಾತೆಲ್ಲ ಉಬಾಲ್ದೊ ಎಂಬ ಹೆಸರಿನಿಂದ ಶುರುವಾಗುತ್ತಿತ್ತು, ಆ ಹೆಸರು ಇವನಿಗೆ ಏನೂ ಅಲ್ಲ. ಹೊತ್ತಾಯಿತು ಎಂದು ಕಾವಲಿನವಳು ಬಂದು ಹೇಳಿದಳು. ಹೊರಗೆ ಬಂದೆ.

ಅಲ್ಲಿಂದ ನೇರ ಗ್ಯಾರೇಜಿಗೆ ನಡೆದೆ. ಓಟ ಮುಗಿಸಿ ಬಂದ ಯಾವುದೋ ತಂಡದ ಟ್ರಕ್ಕಿನ ಅಡಿಯಲ್ಲಿದ್ದ ಉಬಾಲ್ದೊ ನನ್ನ ಚಪ್ಪಲಿ ನೋಡಿದ್ದೇ ಹಲಗೆಯ ಸಮೇತ ಜಾರಿ ಹೊರಗೆ ಬಂದ. ಎಲೊಯ್ಸಾಳ ಸುದ್ದಿ ತಿಳಿದ ಮೇಲೆ ನನ್ನ ಜೊತೆ ಮಾತು ಬಿಟ್ಟಿದ್ದವನು, ಐದು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟ. ಎದ್ದು ಕೂತು ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

“ನೋಡ್ದೆಯಾ ಅವನ್ನ?”

“ನೋಡ್ದೆ.”

“ನನ್ನ ವಿಷ್ಯ ಹೇಳ್ದೆಯಾ?” ಅವನು ನನ್ನ ಮುಖ ನೋಡಲಿಲ್ಲ. “ಏನಂದ? ನೆನಪಿತ್ತಾ ಅವನಿಗೆ?”

ಐವತ್ತು ದಾಟಿದ ಮನುಷ್ಯ. ಟ್ರಕ್ಕಿನಡಿಯಲ್ಲಿ ಮೂರು ದಿನ ಅಡಗಿದ್ದು ಭಯದಿಂದ ಎಂದು ನಾನು ಅಣಕಿಸಿದ್ದೆ. ಇಷ್ಟು ವರ್ಷವೂ ಅವನು ಕಾಯುತ್ತಿದ್ದದ್ದು ಇದೊಂದು ಉತ್ತರಕ್ಕೆ, ಎದುರಿಗೆ ನಿಂತು ತಾನೇ ಕೇಳಲು ಅಂಜಿದ್ದ ಎಂದು ಆಗ ಗೊತ್ತಾಯಿತು. ತಾನು ಆ ಟಿಬ್ಬೆಟ್‌ನ ತಲೆಯಲ್ಲಿ ಎಲ್ಲೋ ಒಂದು ಮುಳ್ಳಾಗಿ ಉಳಿದಿದ್ದೇನೆ ಎಂದು ನಂಬಿಕೊಂಡೇ ಅವನು ಹದಿನಾಲ್ಕು ತಿಂಗಳು ಕಳೆದಿದ್ದ.

“ಹೆಸ್ರು ಹೇಳೋಕ್ ಮೊದ್ಲೇ ಅವನೇ ಹೇಳ್ದ, ಉಬಾಲ್ದೊ ತಂಗಿನಾ ಅಂತ,” ಎಂದೆ. “ಒಂದು ದಿನಾನೂ ಮರೆತಿಲ್ವಂತೆ. ತಲೆ ತಗ್ಗಿಸ್ಕೊಂಡು ಅತ್ತುಬಿಟ್ಟ.”

ಉಬಾಲ್ದೊ ಬಹಳ ಹೊತ್ತು ಬಟ್ಟೆಯ ಚೂರನ್ನು ಮಡಿಸುತ್ತ ಕೂತ. ಅವನ ಭುಜ ಕೆಳಗಿಳಿದದ್ದು ನನಗೆ ಕಾಣಿಸಿತು.

“ನಂಗೊತ್ತಿತ್ತು ಮಿನಿಯಾ,” ಎಂದ. “ಅಷ್ಟೊಂದು ಕೆಟ್ಟೋನಲ್ಲ ಅವನು. ಭಯ ಬಿದ್ದ, ಅಷ್ಟೇ.”

ನಾನು ಹೂಂ ಎಂದೆ.